ಎಷ್ಟು ಹಾಜರಿ?

ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆಯ ಬಿಲ್ಲೆ ಇದೆ. ನಮ್ಮ ಹಳೆಯ ನಾಲ್ಕಾಣೆಗಿಂತ ತುಸು ದೊಡ್ಡದು; ನಡುವೆ ಒಂದು ಇಂಗ್ಲಿಷ್ ಅಕ್ಷರದ ಆಕಾರದಲ್ಲಿ ಕೊರೆದ ತೂತು, ಒಂದು ಬದಿಗೆ ಕಲ್ಲಿದ್ದಲು ಕಂಪನಿಯೊಂದರ ಹೆಸರು, ಇನ್ನೊಂದು ಬದಿಗೆ 25 ಎಂಬ ಅಂಕಿ. ಅಂಕಿಯ ಕೆಳಗೆ, ಬೆರಳುಗಳ ಉಜ್ಜುವಿಕೆಯಿಂದ ಅರ್ಧ ಅಳಿಸಿದ ಅಕ್ಷರಗಳಲ್ಲಿ, ಇದನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಬರೆದಿದೆ. ಅಮೆರಿಕದ ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿಯಲ್ಲಿ, ಬೆಟ್ಟಗಳ ಸಂದಿಯ ಒಂದು ಸಣ್ಣ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದನ್ನು ಆರು ಡಾಲರ್ ಕೊಟ್ಟು ಕೊಂಡೆ. ಇಂಥ ಬಿಲ್ಲೆಗಳಿಗೆ ಅಲ್ಲಿನವರು 'ಸ್ಕ್ರಿಪ್' ಎನ್ನುತ್ತಾರೆ. ಒಂದು ಕಾಲಕ್ಕೆ ಇದು 25 ಸೆಂಟಿನ ಬೆಲೆಯದು, ಅದೂ ಇದನ್ನು ಟಂಕಿಸಿದ ಕಂಪನಿಯ ಅಂಗಡಿಯೊಳಗೆ ಮಾತ್ರ.

ಸಿನ್ಸಿನಾಟಿಯಲ್ಲಿ ನನ್ನ ಕೆಲಸ ಸಂಬಳದ ಲೆಕ್ಕ ಬರೆಯುವುದು. ಯಾರಿಗೆ ಎಷ್ಟು ತಾಸಿನ ಕೂಲಿ, ಅದರಲ್ಲಿ ಯಾವ ಯಾವ ಕಡಿತ, ಕೊನೆಗೆ ಕೈಗೆ ಬರುವುದೆಷ್ಟು ಎಂಬುದನ್ನು ಹನ್ನೆರಡು ವರ್ಷಗಳಿಂದ ದಿನವೂ ನೋಡುತ್ತಿದ್ದೇನೆ. ಆದರೆ ಹಾರ್ಲನ್‌ಗೆ ನನ್ನನ್ನು ಎಳೆದೊಯ್ದದ್ದು ಈ ಉದ್ಯೋಗವಲ್ಲ, ಅದಕ್ಕಿಂತ ಹಳೆಯದೊಂದು ನೆನಪು. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬದಲಿ ಕಾರ್ಮಿಕರಾಗಿದ್ದರು. ಕಾಯಂ ನೌಕರರು ಯಾರಾದರೂ ಗೈರಾದ ದಿನ ಅವರ ಯಂತ್ರದ ಮುಂದೆ ನಿಲ್ಲುವವರೇ ಬದಲಿಗಳು. ಪಾಳಿ ಶುರುವಾಗುವ ಮುನ್ನ ಗೇಟಿನ ಹತ್ತಿರ ಹಾಜರಿರಬೇಕು; ಹೆಸರು ಕೂಗಿದರೆ ಒಳಗೆ, ಕೂಗದಿದ್ದರೆ ಮನೆಗೆ. ಅವ್ವ ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು. ಕೆಲವು ದಿನ ಆ ಬುತ್ತಿ ಒಂದು ತಾಸಿನೊಳಗೆ ಅಪ್ಪನ ಜೊತೆಯಲ್ಲೇ ಮನೆಗೆ ಮರಳುತ್ತಿತ್ತು. ಆಗ ಬಟ್ಟೆಯ ಗಂಟು ಬಿಚ್ಚಿ, ಅದೇ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ನಮ್ಮ ಮುಂದೆ ಇಡುತ್ತಿದ್ದಳು. ತಮ್ಮ ಚಿಕ್ಕವನು, ಬುತ್ತಿಯ ರೊಟ್ಟಿ ಸಿಕ್ಕಿತೆಂದು ಹಿಗ್ಗುತ್ತಿದ್ದ. ನನಗೆ ಮಾತ್ರ ಅದು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ.

ಬಟವಾಡೆಯ ದಿನ ಅವ್ವ ಕೇಳುತ್ತಿದ್ದ ಪ್ರಶ್ನೆ ಒಂದೇ: "ಈ ಸಲ ಎಷ್ಟು ಹಾಜರಿ ಬಿದ್ದಾವು?" ದಿನಗೂಲಿಯ ದರ ಎಷ್ಟೆಂದು ಅವಳು ಎಂದೂ ಕೇಳಿದವಳಲ್ಲ. ದರ ಒಪ್ಪಂದದಲ್ಲಿ ಬರೆದದ್ದು, ಅದು ಎಲ್ಲರಿಗೂ ಗೊತ್ತಿದ್ದದ್ದು. ಮನೆ ನಡೆಯುವುದು ಹಾಜರಿಯಿಂದ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಾರರು ಏನು ಗಳಿಸಿದರು ಎಂಬುದನ್ನು ಓದಲು ಕುಳಿತಾಗ, ದರಗಳ ಪಟ್ಟಿಗಳ ನಡುವೆ ನಾನು ಹುಡುಕಿದ್ದು ಅವ್ವನ ಆ ಪ್ರಶ್ನೆಗೆ ಉತ್ತರವನ್ನು. ಉತ್ತರ ಸಿಕ್ಕಿತು ಕೂಡ. ಅಮೆರಿಕದ ಗಣಿ ಇಲಾಖೆ ವರ್ಷವರ್ಷವೂ ಅದನ್ನು ಎಣಿಸಿಟ್ಟಿದೆ. 1929ರಲ್ಲಿ ಬಿಟುಮಿನಸ್ ಎಂಬ ಮೆದು ಕಲ್ಲಿದ್ದಲಿನ ಗಣಿಗಳು ಸರಾಸರಿ 219 ದಿನ ಕೆಲಸ ಮಾಡಿದವು. 1930ರಲ್ಲಿ 187 ದಿನ, 1931ರಲ್ಲಿ 160, 1932ರಲ್ಲಿ 146. ಮೂರು ವರ್ಷಗಳಲ್ಲಿ ಮೂರನೆಯ ಒಂದು ಪಾಲು ಹಾಜರಿ ಮಾಯವಾಯಿತು. 146 ದಿನ ಎಂದರೆ ವರ್ಷದ ಪ್ರತಿ ಐದು ದಿನಗಳಿಗೆ ಎರಡು ದಿನದ ಕೆಲಸ.

ಈಗ ದರವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1929ರಲ್ಲಿ ಗಣಿಗಾರನ ಸರಾಸರಿ ತಾಸಿನ ಗಳಿಕೆ 65 ಸೆಂಟಿಗಿಂತ ಮೇಲಿತ್ತು, 1932ರ ಹೊತ್ತಿಗೆ 50ರ ಆಸುಪಾಸಿಗೆ ಇಳಿಯಿತು. ಅದೇ ಅವಧಿಯಲ್ಲಿ ಜೀವನಾವಶ್ಯಕ ವಸ್ತುಗಳ ಬೆಲೆಯೂ ದೇಶದಾದ್ಯಂತ ಸುಮಾರು ಐದನೆಯ ಒಂದು ಪಾಲು ಕುಸಿದಿತ್ತು. ಇವೆರಡನ್ನಷ್ಟೇ ನೋಡಿದವರಿಗೆ, ಕೂಲಿ ಇಳಿದರೂ ಬೆಲೆಗಳೂ ಇಳಿದವು, ಹಾಗಾಗಿ ಕಾರ್ಮಿಕನಿಗೆ ಅಂಥ ದೊಡ್ಡ ನಷ್ಟವೇನೂ ಆಗಲಿಲ್ಲ ಎನ್ನಿಸುವುದು ಸಹಜ. ಈ ಮಾತನ್ನು ವಿದ್ಯಾವಂತರ ಬಾಯಲ್ಲಿ ಕೇಳಿದ್ದೇನೆ. ವಾರದ ಗಳಿಕೆಯನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. 1929ರಲ್ಲಿ ವಾರಕ್ಕೆ ಸುಮಾರು 25 ಡಾಲರ್ ಎಣಿಸುತ್ತಿದ್ದವನು 1932ರಲ್ಲಿ 14 ಡಾಲರಿನ ಆಸುಪಾಸಿನಲ್ಲಿದ್ದ. ತಾಸಿನ ಲೆಕ್ಕದಲ್ಲಿ ಕಾಲು ಪಾಲು ಹೋದದ್ದು ವಾರದ ಲೆಕ್ಕದಲ್ಲಿ ಅರ್ಧಕ್ಕೆ ಹತ್ತಿರವಾಗಿ ಹೋಗಿತ್ತು. ಇದು ಸರಾಸರಿ ಮಾತ್ರ ಎಂಬುದನ್ನೂ ಮರೆಯಬಾರದು. ಪೂರ್ವ ಕೆಂಟಕಿಯ ಬೆಟ್ಟದ ಕಣಿವೆಗಳಲ್ಲಿ ಆ ಸರಾಸರಿಗಿಂತ ಎಷ್ಟೋ ಕೆಳಗೆ ಬದುಕಿದವರಿದ್ದರು.

ಕಲ್ಲಿದ್ದಲಿನ ಮಟ್ಟಿಗೆ ಕುಸಿತ 1929ರ ಷೇರುಪೇಟೆಯಿಂದ ಶುರುವಾದದ್ದಲ್ಲ. ಮೊದಲ ಮಹಾಯುದ್ಧದ ಬೇಡಿಕೆಗೆಂದು ತೆರೆದ ಗಣಿಗಳು ಯುದ್ಧ ಮುಗಿದ ಮೇಲೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚಾಗಿ ಉಳಿದಿದ್ದವು. ತೈಲ, ಅನಿಲ, ಜಲವಿದ್ಯುತ್ತು ಒಂದೊಂದಾಗಿ ಕಲ್ಲಿದ್ದಲಿನ ಜಾಗಕ್ಕೆ ಬಂದವು. 1924ರ ಜ್ಯಾಕ್ಸನ್‌ವಿಲ್ ಒಪ್ಪಂದದಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಎಂಬ ಗಣಿ ಕಾರ್ಮಿಕರ ಸಂಘವು ದಿನಕ್ಕೆ ಏಳೂವರೆ ಡಾಲರಿನ ಮೂಲ ಕೂಲಿಯನ್ನು ಮೂರು ವರ್ಷಕ್ಕೆ ಗಟ್ಟಿ ಮಾಡಿಕೊಂಡಿತು. ಆದರೆ ಆ ಒಪ್ಪಂದದ ಹೊರಗಿದ್ದ ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯದ ಗಣಿಗಳು ಕಡಿಮೆ ಕೂಲಿ ಕೊಟ್ಟು, ಕಡಿಮೆ ಬೆಲೆಗೆ ಮಾರಿ, ಉತ್ತರದ ಗಣಿಗಳ ಗಿರಾಕಿಗಳನ್ನು ಕಿತ್ತುಕೊಂಡವು. 1927ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಅದನ್ನು ಮುಂದುವರಿಸುವ ಶಕ್ತಿ ಸಂಘಕ್ಕೆ ಉಳಿದಿರಲಿಲ್ಲ. ಆ ಬಳಿಕ ಬಂದ ಮಹಾ ಕುಸಿತದಲ್ಲಿ ಕಾರ್ಖಾನೆಗಳ ಕುಲುಮೆಗಳು ಆರಿದವು, ರೈಲುಗಳು ನಿಂತವು, 1929ರಲ್ಲಿ 53.5 ಕೋಟಿ ಟನ್ ಇದ್ದ ಉತ್ಪಾದನೆ 1932ರಲ್ಲಿ 31 ಕೋಟಿಗೆ ಇಳಿಯಿತು. ಗಣಿಯ ಬಾಯಿಯಲ್ಲಿ ಟನ್ನಿಗೆ 1 ಡಾಲರ್ 78 ಸೆಂಟ್ ಸಿಗುತ್ತಿದ್ದದ್ದು 1 ಡಾಲರ್ 31 ಸೆಂಟ್ ಆಯಿತು. ಕಲ್ಲಿದ್ದಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೂಲಿಯದೇ. ಹಾಗಾಗಿ ಬೆಲೆಯಲ್ಲಿ ಪ್ರತಿಸ್ಪರ್ಧಿಯನ್ನು ಹಣಿಯಬೇಕೆಂದರೆ ಮಾಲೀಕರ ಕೈ ಮೊದಲು ಹೋಗುತ್ತಿದ್ದದ್ದು ಕೂಲಿಯ ಮೇಲೆ.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಸಂಗತಿಯಿದೆ. ಉತ್ಪಾದನೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇಳಿದರೂ ಗಣಿಗಳ ಹಾಜರಿ ಪುಸ್ತಕದಲ್ಲಿದ್ದ ಜನರ ಸಂಖ್ಯೆ ಅಷ್ಟು ಇಳಿಯಲಿಲ್ಲ. ಐದು ಲಕ್ಷದಷ್ಟಿದ್ದದ್ದು ನಾಲ್ಕು ಲಕ್ಷದಷ್ಟಾಯಿತು, ಅಷ್ಟೇ. ಕಂಪನಿಗಳು ಇನ್ನೂ ಹೆಚ್ಚು ಜನರನ್ನು ಏಕೆ ತೆಗೆದುಹಾಕಲಿಲ್ಲ? ದಯೆಯಿಂದ ಎನ್ನಬಹುದು, ಕೆಲವೆಡೆ ಅದೂ ಇದ್ದಿರಬಹುದು. ಆದರೆ ಬಹುಪಾಲು ಗಣಿಗಾರರಿಗೆ ಕೂಲಿ ಸಿಗುತ್ತಿದ್ದದ್ದು ಟನ್ನಿನ ಲೆಕ್ಕದಲ್ಲಿ, ತುಂಬಿ ಹೊರಗೆ ಕಳಿಸಿದ ಕಲ್ಲಿದ್ದಲಿಗೆ ಮಾತ್ರ. ಸುಮ್ಮನೆ ಮನೆಯಲ್ಲಿ ಕುಳಿತ ಗಣಿಗಾರನಿಂದ ಕಂಪನಿಗೆ ಒಂದು ಸೆಂಟಿನ ಖರ್ಚೂ ಇಲ್ಲ. ಬದಲಿಗೆ ಆತ ಕಂಪನಿಯ ಮನೆಯಲ್ಲಿ ಬಾಡಿಗೆಗಿದ್ದಾನೆ, ಕಂಪನಿಯ ಅಂಗಡಿಯಲ್ಲಿ ಉದ್ದರಿ ತರುತ್ತಿದ್ದಾನೆ, ದಿಢೀರನೆ ದೊಡ್ಡ ಬೇಡಿಕೆ ಬಂದ ದಿನ ಸೀಟಿ ಊದಿದರೆ ಸಾಕು, ದೀಪ ಹಚ್ಚಿಕೊಂಡು ಒಳಗೆ ಇಳಿಯುತ್ತಾನೆ. ಅಪ್ಪನ ಗಿರಣಿಯ ಗೇಟಿನ ಮುಂದೆ ಅಷ್ಟೊಂದು ಜನ ಬದಲಿಗಳು ಏಕೆ ನಿಂತಿರುತ್ತಿದ್ದರೆಂದು ನನಗೆ ನಿಜವಾಗಿ ಅರ್ಥವಾದದ್ದು ಕೆಂಟಕಿಯ ಈ ಲೆಕ್ಕವನ್ನು ಓದಿದ ಮೇಲೆ. ಕುಸಿತದ ನಷ್ಟ ಕಂಪನಿಯ ಪುಸ್ತಕದಲ್ಲಿ ಬೀಳಬೇಕಾದಷ್ಟು ಬೀಳದೆ, ಖಾಲಿ ದಿನಗಳ ರೂಪದಲ್ಲಿ ಕಾರ್ಮಿಕನ ಅಡುಗೆಮನೆಯಲ್ಲಿ ಬಿತ್ತು.

ಹಾಜರಿ ಬಿದ್ದ ದಿನವಾದರೂ ಇಡೀ ದಿನದ ಕೂಲಿ ಸಿಗುತ್ತಿತ್ತೇ ಎಂದರೆ, ಅದೂ ಇಲ್ಲ. ಗಣಿಯ ಬಾಯಿಯಿಂದ ಕಲ್ಲಿದ್ದಲಿನ ಮುಖದವರೆಗೆ, ಅಂದರೆ ಅದನ್ನು ಒಡೆದು ತೆಗೆಯುವ ಜಾಗದವರೆಗೆ, ನೆಲದಡಿಯಲ್ಲಿ ಸಾಗುವ ಸಮಯಕ್ಕೆ ಕೂಲಿಯಿರಲಿಲ್ಲ. ಮುಖದ ಬಳಿ ತಲುಪಿದ ಮೇಲೆ ಮಾಡಬೇಕಾದ ಕೆಲಸಗಳಲ್ಲಿ ಎಷ್ಟೋ ಭಾಗಕ್ಕೆ ಕೂಲಿಯಿರಲಿಲ್ಲ, ಇದ್ದರೂ ಹೆಸರಿಗಷ್ಟೇ. ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬಗಳನ್ನು ನಿಲ್ಲಿಸುವುದು, ತುಂಬುಗಾಡಿ ಹೋಗಲು ಹಳಿ ಹಾಕುವುದು, ಉದುರಿದ ಕಲ್ಲನ್ನು ಬದಿಗೆ ಸರಿಸುವುದು, ನಿಂತ ನೀರನ್ನು ಹೊರಹಾಕುವುದು, ಇವೆಲ್ಲವನ್ನೂ ಗಣಿಗಾರರು 'ಸತ್ತ ಕೆಲಸ' ಎನ್ನುತ್ತಿದ್ದರು. ಸತ್ತ ಕೆಲಸ ಮಾಡದಿದ್ದರೆ ಸಾಯುವವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಹಾಜರಿ ಕಡಿಮೆಯಾದಂತೆ ಆ ಕೆಲಸವನ್ನು ಅವಸರದಲ್ಲಿ ಮುಗಿಸಿ ಕಲ್ಲಿದ್ದಲು ತುಂಬುವ ಆಸೆ ಹೆಚ್ಚುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ತುಂಬಿದ ಗಾಡಿಗೆ ತನ್ನ ಅಂಕಿಯಿರುವ ಹಿತ್ತಾಳೆಯ ಬಿಲ್ಲೆಯನ್ನು ತೂಗುಹಾಕಿ ಹೊರಗೆ ಕಳಿಸಬೇಕು. ಹೊರಗೆ ತೂಗುವವನು ಕಂಪನಿಯ ಆಳು. ಕಲ್ಲು ಬೆರೆತಿದೆಯೆಂದು ಗಾಡಿಯನ್ನೇ ಲೆಕ್ಕಕ್ಕೆ ಹಿಡಿಯದಿರುವುದೂ ತೂಕದಲ್ಲಿ ಕಡಿಮೆ ಬರೆಯುವುದೂ ಎಷ್ಟು ಸಾಮಾನ್ಯವಾಗಿದ್ದವೆಂದರೆ, ತಕ್ಕಡಿಯ ಬಳಿ ತಮ್ಮ ಪರವಾಗಿ ನಿಲ್ಲುವ ಒಬ್ಬ ತೂಕದ ತಪಾಸಣೆಗಾರನನ್ನು ತಾವೇ ಆರಿಸುವ ಹಕ್ಕಿಗಾಗಿ ಗಣಿಗಾರರು ದಶಕಗಳ ಕಾಲ ಹೋರಾಡಿದರು. ಆ ಮನುಷ್ಯನ ಸಂಬಳವನ್ನೂ ಅವರೇ ತಮ್ಮ ಗಳಿಕೆಯಿಂದ ಕೊಡುತ್ತಿದ್ದರು. ಅಷ್ಟು ಕಡಿಮೆ ಗಳಿಸುವವರು ಒಬ್ಬ ಪ್ರಾಮಾಣಿಕ ಸಾಕ್ಷಿಗೆಂದು ಕೈಯಿಂದ ದುಡ್ಡು ತೆರುತ್ತಿದ್ದರೆಂದರೆ, ತಕ್ಕಡಿಯಲ್ಲಿ ಅವರು ಕಳೆದುಕೊಳ್ಳುತ್ತಿದ್ದದ್ದು ಅದಕ್ಕಿಂತ ಎಷ್ಟು ದೊಡ್ಡದಾಗಿತ್ತೆಂಬುದು ತಿಳಿಯುತ್ತದೆ.

ಅನಂತರ ಕಡಿತಗಳು. ಸಂಬಳದ ಚೀಟಿಯ ಎಡಬದಿಗೆ ಟನ್ನುಗಳು, ಬಲಬದಿಗೆ ಕಡಿತಗಳ ಉದ್ದನೆಯ ಸಾಲು: ಮನೆ ಬಾಡಿಗೆ, ದೀಪದ ವೆಚ್ಚ, ಮನೆಗೆ ಉರಿಸುವ ಕಲ್ಲಿದ್ದಲು, ವೈದ್ಯರ ಶುಲ್ಕ, ಸಿಡಿಮದ್ದು, ಹಾರೆ ಗುದ್ದಲಿಗಳ ಮೊನೆ ಹರಿತ ಮಾಡಿಕೊಟ್ಟ ಕಮ್ಮಾರನ ಶುಲ್ಕ, ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಅಂಗಡಿಯ ಬಾಕಿ. ಕಲ್ಲಿದ್ದಲನ್ನು ಒಡೆಯಲು ಬೇಕಾದ ಮದ್ದನ್ನು ಒಡೆಯುವವನೇ ಕೊಳ್ಳಬೇಕು ಎಂಬುದನ್ನು ಮೊದಲು ಓದಿದಾಗ ನಾನು ಪುಟವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಓದಿದೆ. ಗಳಿಕೆ ಮತ್ತು ಕಡಿತ ಸರಿಸಮವಾಗಿ, ಕೈಗೆ ಏನೂ ಬಾರದ ಚೀಟಿಗೆ ಗಣಿಗಾರರ ಮಾತಿನಲ್ಲಿ ಒಂದು ಹೆಸರಿತ್ತು. 'ಬಾಬ್‌ಟೇಲ್' ಎನ್ನುತ್ತಿದ್ದರು, ಅಂದರೆ ಬಾಲ ಕತ್ತರಿಸಿದ್ದು. ಒಂದು ಸಂಗತಿಗೆ ಜನ ಹೆಸರಿಡುವುದು ಅದು ಮತ್ತೆ ಮತ್ತೆ ಎದುರಾದಾಗ.

ನನ್ನ ಮೇಜಿನ ಮೇಲಿನ ಬಿಲ್ಲೆ ಈ ಚೀಟಿಯ ಜೊತೆಗಾರ. ಬಟವಾಡೆಗೆ ಇನ್ನೂ ಹತ್ತು ದಿನವಿದೆ, ಮನೆಯಲ್ಲಿ ಹಿಟ್ಟಿಲ್ಲ. ಗಣಿಗಾರನ ಹೆಂಡತಿ ಕಂಪನಿಯ ಕಚೇರಿಯ ಕಿಟಕಿಗೆ ಹೋಗಿ, ಗಂಡ ಈಗಾಗಲೇ ತುಂಬಿದ ಟನ್ನುಗಳ ಮೇಲೆ ಮುಂಗಡ ಕೇಳುತ್ತಾಳೆ. ಗುಮಾಸ್ತ ಪುಸ್ತಕ ನೋಡಿ, ಆತನ ಹೆಸರಿನಲ್ಲಿ ಏನಾದರೂ ಉಳಿದಿದ್ದರೆ ಇಂಥ ಬಿಲ್ಲೆಗಳನ್ನು ಎಣಿಸಿ ಕೊಡುತ್ತಾನೆ. ಹಾಗೆ ನೋಡಿದರೆ ಇದು ಸಾಲವೂ ಅಲ್ಲ, ದುಡಿದ ದುಡ್ಡೇ. ಆದರೆ ಕಂಪನಿಯ ಅಂಗಡಿಯ ಬಾಗಿಲು ದಾಟಿದರೆ ಅದಕ್ಕೆ ಪೂರ್ತಿ ಬೆಲೆಯಿಲ್ಲ. ಹೊರಗಿನ ವ್ಯಾಪಾರಿಗಳು ಐದನೆಯ ಒಂದೋ ನಾಲ್ಕನೆಯ ಒಂದೋ ಪಾಲನ್ನು ವಟ್ಟ ಮುರಿದುಕೊಂಡು ನಗದು ಕೊಡುತ್ತಿದ್ದರು. ಕಂಪನಿಯ ಅಂಗಡಿಯಲ್ಲೇ ಕೊಂಡರೆ ಅಲ್ಲಿನ ಬೆಲೆ ಅನೇಕ ಕಡೆ ಹೊರಗಿಗಿಂತ ಹೆಚ್ಚು. ದೇಶದಾದ್ಯಂತ ಬೆಲೆಗಳು ಐದನೆಯ ಒಂದು ಪಾಲು ಇಳಿದವು ಎಂಬ ಮಾತನ್ನು ಈ ಅಂಗಡಿಯ ಹಲಗೆಯ ಮುಂದೆ ನಿಂತು ಯೋಚಿಸಬೇಕು. ಆ ಇಳಿಕೆಯ ಲಾಭ ಪಡೆಯಲು ಬೇಕಾಗಿದ್ದ ನಗದು ಹಣ ಆಕೆಯ ಕೈಯಲ್ಲಿರಲಿಲ್ಲ.

ಬೆನ್‌ಹ್ಯಾಮ್ ಎಂಬ ಊರಿನಲ್ಲಿ 1920ರ ದಶಕದಲ್ಲಿ ಕಟ್ಟಿದ ಅಂಥ ಒಂದು ಕಂಪನಿ ಅಂಗಡಿಯ ದೊಡ್ಡ ಇಟ್ಟಿಗೆ ಕಟ್ಟಡ ಈಗ ಕಲ್ಲಿದ್ದಲು ವಸ್ತುಸಂಗ್ರಹಾಲಯವಾಗಿದೆ. ಕೆಲವು ವರ್ಷಗಳ ಹಿಂದೆ ವಿದ್ಯುತ್ ವೆಚ್ಚ ಉಳಿಸಲು ಅದರ ಛಾವಣಿಯ ಮೇಲೆ ಸೌರ ಫಲಕಗಳನ್ನು ಹಾಕಿದ್ದಾರೆ. ಒಳಗೆ ಮರದ ನೆಲದ ಮೇಲೆ ನಡೆಯುವಾಗ ನಾನು ಯೋಚಿಸಿದ್ದು ಆ ಕಿಟಕಿಯ ಮುಂದೆ ನಿಂತು ಕೇಳುವ ಹೆಂಗಸರ ಬಗ್ಗೆ. ಕೇಳುವುದು ತಮ್ಮದೇ ದುಡ್ಡನ್ನಾದರೂ ಕಿಟಕಿಯ ಮುಂದೆ ನಿಂತವರ ದನಿ ತಗ್ಗುತ್ತದೆ. ಅದನ್ನು ನಾನು ಬೇರೆ ಕಿಟಕಿಗಳ ಮುಂದೆ ನೋಡಿದ್ದೇನೆ.

1931ರ ಫೆಬ್ರುವರಿಯಲ್ಲಿ ಹಾರ್ಲನ್‌ನ ಗಣಿ ಮಾಲೀಕರ ಸಂಘ ಕೂಲಿಯನ್ನು ಇನ್ನೂ ನೂರಕ್ಕೆ ಹತ್ತು ಕಡಿತ ಮಾಡಿತು. ಹಾಜರಿ ಇಲ್ಲದೆ ಸೊರಗಿದವರ ಮೇಲೆ ಬಿದ್ದ ಈ ಕಡಿತವನ್ನು ಜನ ಸಹಿಸಲಿಲ್ಲ. ಕಾರ್ಮಿಕರ ಸಂಘಕ್ಕೆ ಸೇರಿದವರನ್ನು ಕೆಲಸದಿಂದ ತೆಗೆದರು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಏಕೆಂದರೆ ಮನೆ ಕಂಪನಿಯದು. ಹೊರಹಾಕಿದ ಕುಟುಂಬಗಳು ಕಂಪನಿಯ ಒಡೆತನವಿಲ್ಲದ ಎವರ್ಟ್ಸ್ ಎಂಬ ಪಟ್ಟಣದಲ್ಲಿ ಬಂದು ತುಂಬಿಕೊಂಡವು. ಮೇ 5ರಂದು ಆ ಪಟ್ಟಣದ ಹೊರಗಿನ ರಸ್ತೆಯಲ್ಲಿ ಕಂಪನಿಯ ಕಡೆಯ ಡೆಪ್ಯುಟಿಗಳಿಗೂ, ಅಂದರೆ ಕೌಂಟಿಯ ಪೊಲೀಸರಿಗೂ, ಗಣಿಗಾರರಿಗೂ ಗುಂಡಿನ ಕಾಳಗ ನಡೆದು ನಾಲ್ವರು ಸತ್ತರು, ರಾಜ್ಯದ ಸೈನ್ಯ ಬಂದಿಳಿಯಿತು. ಕಾನೂನು ಕಾಯಬೇಕಾದ ಆ ಡೆಪ್ಯುಟಿಗಳಲ್ಲಿ ಬಹುಪಾಲು ಜನರ ಸಂಬಳ ಬರುತ್ತಿದ್ದದ್ದು ಕಂಪನಿಗಳಿಂದ ಎಂಬುದು ಈ ಕಥೆಯಲ್ಲಿ ನನಗೆ ಬಹಳ ಕಹಿಯೆನಿಸಿದ ಸಂಗತಿ. ಆ ವರ್ಷದ ನವೆಂಬರಿನಲ್ಲಿ ಕಾದಂಬರಿಕಾರ ಥಿಯೊಡೋರ್ ಡ್ರೈಸರ್ ನೇತೃತ್ವದ ಲೇಖಕರ ಸಮಿತಿ ಅಲ್ಲಿಗೆ ಹೋಗಿ ಜನರ ಹೇಳಿಕೆಗಳನ್ನು ಬರೆದುಕೊಂಡಿತು. ಸೂಲಗಿತ್ತಿಯಾಗಿದ್ದ ಆಂಟ್ ಮಾಲಿ ಜ್ಯಾಕ್ಸನ್ ಆಗ ಸಾಕ್ಷಿ ಹೇಳಿದವರಲ್ಲಿ ಒಬ್ಬಾಕೆ. ಜನ ಏನು ತಿನ್ನುತ್ತಿದ್ದರೆಂಬುದು ಅಂಥ ಸಾಕ್ಷ್ಯಗಳಿಂದ ತಿಳಿಯುತ್ತದೆ: ಒಣಗಿದ ಬೀನ್ಸ್ ಕಾಳು, ಮತ್ತು ಹಿಟ್ಟು, ನೀರು, ಚೂರು ಕೊಬ್ಬು ಕಲಸಿ ಕುದಿಸಿದ, 'ಬುಲ್‌ಡಾಗ್ ಗ್ರೇವಿ' ಎಂದು ಕರೆಯುತ್ತಿದ್ದ ಅಂಬಲಿಯಂಥದ್ದು. ಮಕ್ಕಳು ರಕ್ತಭೇದಿಯಿಂದ ಸಾಯುತ್ತಿದ್ದರು.

ಅದೇ ಚಳಿಗಾಲದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸೇವಾ ಸಂಸ್ಥೆ, ಪೂರ್ವ ಕೆಂಟಕಿಯೂ ಸೇರಿದ ಅಪಲಾಚಿಯ ಬೆಟ್ಟಸೀಮೆಯ ಕಲ್ಲಿದ್ದಲು ಕಣಿವೆಗಳಿಗೆ ಬಂದು ಶಾಲೆಗಳಲ್ಲಿ ಊಟ ಹಾಕಿತು. ಇದ್ದ ಹಣ ಎಲ್ಲ ಮಕ್ಕಳಿಗೆ ಸಾಲದು. ಹಾಗಾಗಿ ಅವರು ಮಕ್ಕಳನ್ನು ತೂಗಿ, ವಯಸ್ಸಿಗೆ ತಕ್ಕ ತೂಕವಿಲ್ಲದವರನ್ನು ಆರಿಸಿ ಉಣಬಡಿಸಿದರು. ತಂದೆ ತುಂಬಿದ ಕಲ್ಲಿದ್ದಲು ಒಂದು ತಕ್ಕಡಿಯ ಮೇಲೆ, ಮಗು ಇನ್ನೊಂದರ ಮೇಲೆ. ಇದನ್ನು ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ.

1933ರ ಜೂನ್‌ನಲ್ಲಿ ರೂಸ್ವೆಲ್ಟ್ ಸರ್ಕಾರದ ರಾಷ್ಟ್ರೀಯ ಕೈಗಾರಿಕಾ ಪುನಶ್ಚೇತನ ಕಾಯ್ದೆ ಬಂದು ಸಂಘ ಕಟ್ಟುವ ಹಕ್ಕನ್ನು ಮಾನ್ಯ ಮಾಡಿತು. ಕೆಲವೇ ವಾರಗಳಲ್ಲಿ ಗಣಿಗಾರರು ಲಕ್ಷಗಟ್ಟಲೆ ಸಂಘಕ್ಕೆ ಮರಳಿದರು. ಆ ಸೆಪ್ಟೆಂಬರಿನ ಅಪಲಾಚಿಯನ್ ಒಪ್ಪಂದದಲ್ಲಿ ದಿನಗೂಲಿ ಉತ್ತರದಲ್ಲಿ 4 ಡಾಲರ್ 60 ಸೆಂಟ್, ದಕ್ಷಿಣದಲ್ಲಿ 4 ಡಾಲರ್ 20 ಸೆಂಟ್ ಎಂದು ನಿಗದಿಯಾಯಿತು. 1924ರ ಏಳೂವರೆ ಡಾಲರಿನ ಮುಂದೆ ಇದು ಚಿಕ್ಕ ಮೊತ್ತವೇ. ಆದರೆ ಒಪ್ಪಂದದ ಉಳಿದ ಸಾಲುಗಳನ್ನು ಓದುವಾಗ, ಅದನ್ನು ಬರೆಸಿದವರು ಸಂಬಳದ ಚೀಟಿಯನ್ನು ಎದುರಿಗಿಟ್ಟುಕೊಂಡೇ ಕುಳಿತಿದ್ದರೇನೋ ಎನ್ನಿಸುತ್ತದೆ. ಕಂಪನಿಯ ಅಂಗಡಿಯಲ್ಲೇ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ, ಕಂಪನಿಯ ಮನೆಯಲ್ಲೇ ಇರಬೇಕೆಂದು ಒತ್ತಾಯಿಸುವಂತಿಲ್ಲ, ತೂಕದ ತಪಾಸಣೆಗಾರನನ್ನು ಗಣಿಗಾರರೇ ಆರಿಸಬಹುದು. ಮರುವರ್ಷದ ಏಪ್ರಿಲ್‌ನಲ್ಲಿ ದಿನದ ದುಡಿಮೆ ಏಳು ತಾಸಿಗೆ ಇಳಿದು, ಕೂಲಿ ದಿನಕ್ಕೆ 40 ಸೆಂಟ್ ಏರಿತು. ನೆಲದಡಿಯ ಪ್ರಯಾಣದ ಸಮಯಕ್ಕೆ ಕೂಲಿ ಸಿಗಲು ಇನ್ನೊಂದು ಮಹಾಯುದ್ಧವೇ ಬರಬೇಕಾಯಿತು. ಹಾರ್ಲನ್‌ನ ಮಾಲೀಕರಂತೂ 1930ರ ದಶಕದ ಕೊನೆಯವರೆಗೂ ಸಂಘದ ಜೊತೆ ಸೆಣಸುತ್ತಲೇ ಇದ್ದರು.

ಹಾಜರಿಯನ್ನು ಮಾತ್ರ ಯಾವ ಒಪ್ಪಂದವೂ ಬರೆದು ಕೊಡಲಿಲ್ಲ. 1933ರಲ್ಲಿ 167 ದಿನ, 1934ರಲ್ಲಿ 178. ಏರಿತು ನಿಜ, ಆದರೆ 1929ರ 219 ಅಲ್ಲ.

ಬಿಲ್ಲೆಯನ್ನು ಮಾರಿದ ಅಂಗಡಿಯಾಕೆಗೆ ಎಂಬತ್ತರ ಹತ್ತಿರ ವಯಸ್ಸು. ಆಕೆಯ ತಂದೆ, ಅಜ್ಜ ಇಬ್ಬರೂ ಗಣಿಗೆ ಇಳಿದವರು. ಆ ಕಾಲದಲ್ಲಿ ನಿಮ್ಮಜ್ಜನಿಗೆ ದಿನಕ್ಕೆ ಎಷ್ಟು ಕೂಲಿ ಸಿಗುತ್ತಿತ್ತೆಂದು ನಾನು, ಲೆಕ್ಕ ಬರೆಯುವವರ ಅಭ್ಯಾಸದಂತೆ, ಕೇಳಿದೆ. ಅದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಾಯಿಯಿಂದ ಕೇಳಿದ ಬೇರೊಂದು ಸಂಗತಿ. ಅಜ್ಜ ಊಟ ಒಯ್ಯುತ್ತಿದ್ದ ತಗಡಿನ ಡಬ್ಬಿಯನ್ನು ಅಜ್ಜಿ ಸಂಜೆ ತೊಳೆದು ಒಲೆಯ ಪಕ್ಕ ಬೋರಲು ಹಾಕಿಡುತ್ತಿದ್ದಳಂತೆ. ಆಮೇಲೆ ಜಗುಲಿಗೆ ಬಂದು ನಿಲ್ಲುತ್ತಿದ್ದಳಂತೆ, ನಾಳೆ ಕೆಲಸವಿದೆಯೋ ಇಲ್ಲವೋ ಎಂದು ಹೇಳುವ ಗಣಿಯ ಸೀಟಿ ಆಗಲೇ ಊದುತ್ತಿದ್ದದ್ದು. ಸೀಟಿ ಕೇಳಿಸುವವರೆಗೂ ಅಜ್ಜಿ ಆ ಡಬ್ಬಿಯನ್ನು ನೆಟ್ಟಗೆ ಮಾಡುತ್ತಿರಲಿಲ್ಲವಂತೆ.